ಒಂಬತ್ತನೇ ನಂಬರಿನ ಸೀಸೆ

"ಈ ಚೀಟಿ ಅಂಟಿಸಿದ್ದು ಯಾರಮ್ಮ?"

ಅಳತೆಯಮ್ಮ ಕೇಳಿದ್ದು ಮೆಲ್ಲಗೇ. ಆದರೂ ರಟ್ಟು ಕತ್ತರಿಸುತ್ತಿದ್ದ ರಟ್ಟಿನಕ್ಕನ ಕೈ ಅರ್ಧಕ್ಕೇ ನಿಂತಿತು.

"ಯಾವ ಚೀಟಿ?"

"ಮೊದಲು ಆ ಕತ್ತಿ ಕೆಳಗಿಡು. ಆಮೇಲೆ ಹೇಳ್ತೀನಿ. ಬೆರಳು ಗಿರಳು ಕುಯ್ಕೊಂಡೀಯ."

ಕತ್ತಿ ಕೆಳಗೆ ಬಂತು. ಬೈಂಡಿಂಗ್ ಅಂಗಡಿಯ ಉದ್ದನೆಯ ಮೇಜಿನ ಮೇಲೆ ಯಾವುದೋ ಶಾಲೆಯ ಹಾಜರಿ ಪುಸ್ತಕಗಳ ರಾಶಿ, ಅಂಟಿನ ಬಟ್ಟಲು, ದಾರದ ಉಂಡೆ. ಅವುಗಳ ನಡುವೆ ಮುಚ್ಚಳ ತೆಗೆದ ತಂಪು ಪೆಟ್ಟಿಗೆ. ತೆಗೆದವರು ಅಳತೆಯಮ್ಮನೇ. ಕೇಳಿ ತೆಗೆಯುವ ಅಭ್ಯಾಸ ಅವರಿಗೆ ಮೂವತ್ತೊಂದು ವರ್ಷದ ನೌಕರಿಯಲ್ಲೇ ಬಂದಿರಲಿಲ್ಲ, ಈಗ ಬಂದೀತೇ? ಪೆಟ್ಟಿಗೆಯೊಳಗೆ ಎರಡು ಕಂದು ಸೀಸೆಗಳಿದ್ದವು. ಒಂದರ ಚೀಟಿಯ ಮೇಲೆ ಒಂಬತ್ತು, ಇನ್ನೊಂದರ ಮೇಲೆ ಹದಿನೇಳು.

ತೂಕ ಅಳತೆ ಇಲಾಖೆಯಿಂದ ನಿವೃತ್ತರಾಗಿದ್ದ ಅಳತೆಯಮ್ಮನಿಗೆ ಆಸ್ಪತ್ರೆಯ ದೊಡ್ಡ ಡಾಕ್ಟರು ಈ ಕೆಲಸ ಒಪ್ಪಿಸಿ ಹನ್ನೊಂದು ದಿನವಾಗಿತ್ತು. ಎಎಲ್‌ಎಸ್ ಕಾಯಿಲೆಗೆ ಪ್ರಯೋಗವಾಗಿ ಕೊಡುತ್ತಿದ್ದ ಹೊಸ ಔಷಧದ ಸೀಸೆಗಳನ್ನು ಯಾರೋ ಅದಲುಬದಲು ಮಾಡುತ್ತಿದ್ದಾರೆಂದು ಕಂಪನಿಯ ಲ್ಯಾಬಿಗೆ ಅನುಮಾನ ಬಂದಿದೆ, ಯಾರೆಂದು ಶುಕ್ರವಾರದೊಳಗೆ ಗೊತ್ತಾಗದಿದ್ದರೆ ಕಂಪನಿ ಇಪ್ಪತ್ನಾಲ್ಕು ರೋಗಿಗಳಿಗೂ ಔಷಧ ನಿಲ್ಲಿಸುತ್ತದೆ. ಇವತ್ತು ಗುರುವಾರ, ಮಧ್ಯಾಹ್ನ ಮೂರು ಗಂಟೆ.

ಇಪ್ಪತ್ನಾಲ್ಕು ಮನೆಗಳು ಇದೊಂದೇ ದಾರಿ ಹಿಡಿದು ಕೂತಿದ್ದವು. ಕಾಯಿಲೆಯಾದರೂ ಎಂಥದ್ದು! ಕೈ, ಕಾಲು, ನಾಲಿಗೆ, ಗಂಟಲು, ಕಡೆಗೆ ಉಸಿರು, ಒಂದೊಂದೇ ಕೈಕೊಡುತ್ತ ಹೋಗುತ್ತದೆ. ಬುದ್ಧಿ ಮಾತ್ರ ಅಷ್ಟೇ ಚುರುಕಾಗಿದ್ದು ಎಲ್ಲವನ್ನೂ ನೋಡುತ್ತ ಮಲಗಿರುತ್ತದೆ. ಹನ್ನೆರಡು ಮಂದಿಗೆ ನಿಜವಾದ ಔಷಧ, ಉಳಿದ ಹನ್ನೆರಡು ಮಂದಿಗೆ ಅದೇ ಬಣ್ಣ, ಅದೇ ರುಚಿಯ, ಔಷಧವಿಲ್ಲದ ಬರೀ ದ್ರವ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಪ್ರಯೋಗ ಕೆಡುತ್ತದಂತೆ.

"ಕಳೆದ ವಾರವೆಲ್ಲ ಔಷಧ ಕೊಡೋ ಕಂಪೌಂಡರ್ ಹಿಂದೆ ಅಲೆದೆ," ಎಂದರು ಅಳತೆಯಮ್ಮ, ಸ್ಟೂಲು ಎಳೆದು ಕೂರುತ್ತ. "ಪಾಪ, ಅವನ ಶಾಪ ನನಗೆ ತಟ್ಟದಿದ್ರೆ ಸಾಕು. ನಿನ್ನೆ ವಾಪಸ್ ಬಂದ ಖಾಲಿ ಸೀಸೆಗಳನ್ನೆಲ್ಲ ಸಾಲಾಗಿ ಇಡಿಸಿದೆ. ಫ್ರಿಜ್ಜಿನ ತೇವಕ್ಕೆ ಎಲ್ಲದರ ಚೀಟಿನೂ ಸುಕ್ಕು, ಮೂಲೆ ಎದ್ದು ನಾಯಿ ಕಿವಿ ಥರ ಆಗಿತ್ತು. ಕಂಪನಿಯವರ ಅಂಟೇ ಅಷ್ಟು ಚೆಂದ. ಎರಡೇ ಎರಡು ನಂಬರಿನವು ಮಾತ್ರ ಮೂರು ತಿಂಗಳಿಂದ ಹೊಸ ಪುಸ್ತಕದ ರಟ್ಟಿನ ಹಾಗೆ ನೀಟು. ಒಂದು ಗುಳ್ಳೆ ಇಲ್ಲ, ಒಂದು ಮೂಲೆ ಎದ್ದಿಲ್ಲ."

ರಟ್ಟಿನಕ್ಕ ಅಂಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಹದಿನೇಳು ಮೇಷ್ಟ್ರ ಸೀಸೆ. ಒಂಬತ್ತು ನಿನ್ನ ತಮ್ಮನದು. ಸೀಸೆ ಕೊಡೋ ದಿನ ಮೇಷ್ಟ್ರ ಹೆಂಡ್ತಿ ಗಂಡನ್ನ ವ್ಯಾಯಾಮದ ಕೋಣೆಗೆ ಕರ್ಕೊಂಡು ಹೋಗುವಾಗ ಎರಡು ಗಂಟೆ ತಮ್ಮ ಸೀಸೆ ನಿನ್ನ ಹತ್ರ ಬಿಟ್ಟು ಹೋಗ್ತಾರೆ. ಪಕ್ಕದ ಬೀದೀಲೇ ನಿನ್ನ ಅಂಗಡಿ, ನಿನ್ನ ತಂಪು ಪೆಟ್ಟಿಗೆ, ನಿನ್ನ ಮೇಲೆ ನಂಬಿಕೆ. ನೀನು ಮಾಡಿದ ಎಡವಟ್ಟು ಒಂದೇ ಕಣಮ್ಮ. ಕೆಟ್ಟದಾಗಿ ಅಂಟಿಸಬೇಕಿತ್ತು. ನಿನ್ನ ಕೈಗೆ ಅದು ಬರಲ್ಲ."

ರಟ್ಟಿನಕ್ಕ ನಕ್ಕಳು. ನಗು ಅರ್ಧದಲ್ಲೇ ಬಿಕ್ಕಾಯಿತು.

"ನಮ್ಮಪ್ಪ ಮೂಲೆ ಎದ್ದರೆ ಅಡಿಪಟ್ಟಿಯಿಂದ ಗೆಣ್ಣಿಗೆ ಬಾರಿಸ್ತಿದ್ರು," ಎಂದಳು. "ಕಳ್ಳತನ ಮಾಡುವಾಗಲೂ ನೀಟಾಗೇ ಮಾಡಿದೀನಿ ನೋಡಿ, ಬಡ್ಡೀಮಗಂದು ಕೈ!"

"ಹಾಗಾದ್ರೆ ಒಪ್ಕೊಂಡೆ?"

"ಇನ್ನೇನಮ್ಮ ಬಚ್ಚಿಡೋದು? ಹೌದು, ನಾನೇ. ಕೆಟಲಿನ ಹಬೆ ಹಿಡಿದು ಬಿಡಿಸ್ತಿದ್ದೆ, ಅವರ ಚೀಟಿ ನಮ್ಮ ಸೀಸೆಗೆ, ನಮ್ಮದು ಅವರದಕ್ಕೆ. ಇದು ಏಳನೇ ಸಲ."

"ಯಾವುದರಲ್ಲಿ ಔಷಧ ಇದೆ ಅಂತ ಡಾಕ್ಟರಿಗೇ ಗೊತ್ತಿಲ್ಲ. ನಿನಗೆ ಹೇಗೆ ಗೊತ್ತಾಯ್ತು?"

"ನೊರೆ," ಎಂದಳು ರಟ್ಟಿನಕ್ಕ.

ಆಸ್ಪತ್ರೆಯ ಕಾಯುವ ಕೋಣೆಯ ಬೆಂಚುಗಳಲ್ಲಿ ಇಪ್ಪತ್ನಾಲ್ಕು ಮನೆಯವರು ಸುಮ್ಮನೆ ಕೂತಿರುತ್ತಾರೆಯೇ? ಒಬ್ಬರು ಮುಚ್ಚಳ ತೆಗೆದು ಮೂಸಿದರು, ಇನ್ನೊಬ್ಬರು ನಾಲಿಗೆಗೆ ಸವರಿ ನೋಡಿದರು. ಕಡೆಗೆ ಯಾರೋ ಪುಣ್ಯಾತ್ಮರು ಸೀಸೆ ಅಲ್ಲಾಡಿಸಿದರು. ಕೆಲವು ಸೀಸೆಯಲ್ಲಿ ನೊರೆ ಐದೆಣಿಸುವುದರೊಳಗೆ ಇಳಿಯುತ್ತದೆ. ಕೆಲವದರಲ್ಲಿ ಅರವತ್ತೆಣಿಸಿದರೂ ಹಾಗೇ ನಿಲ್ಲುತ್ತದೆ. ನೊರೆ ನಿಲ್ಲುವುದೇ ನಿಜವಾದ ಔಷಧ ಎಂದು ಬೆಂಚುಗಳೇ ತೀರ್ಮಾನ ಕೊಟ್ಟುಬಿಟ್ಟವು. ಆಮೇಲೆ ನೊರೆ ನಿಂತವರ ಮುಖ ಬೇರೆ, ಇಳಿದವರ ಮುಖ ಬೇರೆ.

"ಮೇಷ್ಟ್ರಮ್ಮನ ಸೀಸೆ ಹಾಲಿನ ಹಾಗೆ ಉಕ್ಕೋದು. ನಮ್ಮದು ಸತ್ತ ನೀರು." ರಟ್ಟಿನಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಮೇಷ್ಟ್ರಿಗೆ ಎಪ್ಪತ್ತೊಂದಮ್ಮ. ಪಾಠ ಮಾಡಿ, ಪೆನ್ಷನ್ ತಗೊಂಡು, ಮಕ್ಕಳ ಮದುವೆ ನೋಡಿ ಎಲ್ಲ ಆಯ್ತು. ಇವನಿಗೆ ಮೂವತ್ತೆಂಟು. ಕಂಬ ಹತ್ತಿ ಊರಿಗೆಲ್ಲ ಕರೆಂಟ್ ಕೊಡ್ತಿದ್ದವನು. ಅಮ್ಮ ಸಾಯುವಾಗ ಇವನ ಕೈ ಹಿಡಿದು ನನ್ನ ಕೈಲಿಟ್ಟಳು. ಕಣ್ಣೆದುರಿಗೇ ಸೀಸೆ ಇದೆ, ಎರಡು ಗಂಟೆ ಹೊತ್ತು ನಂದೇ ಮೇಜಿನ ಮೇಲೆ. ನೀವಾಗಿದ್ರೆ ಏನು ಮಾಡ್ತಿದ್ರಿ?"

ಅಳತೆಯಮ್ಮ ಒಂಬತ್ತರ ಚೀಟಿಯ ಮೂಲೆಯನ್ನು ಉಗುರಿನಿಂದ ಸವರಿದರು. ಅವರೂ ಒಬ್ಬ ತಂಗಿಯನ್ನು ಕಳೆದುಕೊಂಡವರೇ.

"ಅವನಿಗೆ ವಾಸಿಯಾಯ್ತಾ?" ಎಂದು ಮಾತ್ರ ಕೇಳಿದರು.

"ಎಲ್ಲಿ ವಾಸಿ! ಮೂರು ತಿಂಗಳ ಹಿಂದೆ ಗಂಜಿ ನುಂಗ್ತಿದ್ದ. ಎರಡು ಮಾತು ಆಡ್ತಿದ್ದ. ಈಗ ಹೊಟ್ಟೆಗೆ ನಳಿಗೆ. ಔಷಧ ಹಿಡಿಯೋಕೆ ಟೈಮ್ ಬೇಕೇನೋ ಅಂದ್ಕೊಂಡು ಕಾಯ್ತಾನೇ ಇದೀನಿ."

ಅಳತೆಯಮ್ಮ ದನಿ ಗಟ್ಟಿ ಮಾಡಿಕೊಂಡರು. "ಕೇಳಿಲ್ಲಿ. ಇವತ್ತು ಸಂಜೆಯೊಳಗೆ ನಡೆದದ್ದನ್ನೆಲ್ಲ ಬರೆದುಕೊಡು. ಬದಲಾಯಿಸಿದವರನ್ನ ಮಾತ್ರ ಬಿಟ್ಟು ಬಾಕಿಯವರಿಗೆ ಔಷಧ ಮುಂದುವರಿಸ್ತೀವಿ ಅಂತ ಡಾಕ್ಟರು ಕಂಪನಿಯಿಂದ ಮಾತು ತಗೊಂಡಿದಾರೆ. ಬರೀದಿದ್ರೆ ಎಲ್ಲರದ್ದೂ ಬಂದ್. ಇಪ್ಪತ್ನಾಲ್ಕು ಮನೆಯವರ ಕಣ್ಣೀರು ನಿನ್ನ ತಲೆ ಮೇಲೆ."

"ಅಂದ್ರೆ ಇವತ್ತು ತಂದದ್ದೇ ನಮಗೆ ಕೊನೇ ಸೀಸೆ."

"ಹೂಂ. ಹದಿನೈದು ದಿನದ್ದು. ಅದೂ ಯಾರದ್ದು ಯಾರಿಗೆ ಸೇರಬೇಕೋ ಹಾಗೇ ಸೇರಬೇಕು. ಈಗಲೇ ಚೀಟಿ ವಾಪಸ್ ಬದಲಾಯಿಸು. ಮೇಷ್ಟ್ರ ಹೆಂಡ್ತಿ ಬರೋ ಹೊತ್ತಾಯ್ತು."

ರಟ್ಟಿನಕ್ಕ ಸೀಸೆಗಳೆರಡನ್ನೂ ಎತ್ತಿಕೊಂಡು, ಅಂಟಿನ ಬಟ್ಟಲನ್ನೂ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಕೆಟಲು ಸುಯ್‌ಗುಟ್ಟಲು ಶುರುವಾಯಿತು.

ಅಳತೆಯಮ್ಮ ಹಿಂದೆಯೇ ಹೋಗಬೇಕಿತ್ತು. ನೌಕರಿಯಲ್ಲಿದ್ದಾಗ ಯಾವ ಅಂಗಡಿಯವನನ್ನೂ ತಕ್ಕಡಿಯ ಜೊತೆ ಒಂಟಿಯಾಗಿ ಒಳಗೆ ಬಿಟ್ಟವರಲ್ಲ. ಆದರೆ ಅಳುತ್ತಿರುವ ಹೆಂಗಸಿನ ಬೆನ್ನಿಗೆ ಪೊಲೀಸಿನ ಹಾಗೆ ನಿಲ್ಲಲು ಅವತ್ತು ಅವರಿಗೆ ಮನಸ್ಸು ಬರಲಿಲ್ಲ.

ಅವರು ಪಕ್ಕದ ಕೋಣೆಗೆ ಹೋದರು.

ಕೋಣೆಗೂ ಅಂಗಡಿಗೂ ನಡುವೆ ಬಾಗಿಲಿತ್ತೇ ಹೊರತು ಅದನ್ನು ಯಾರೂ ಮುಚ್ಚುತ್ತಿರಲಿಲ್ಲ. ತಮ್ಮ ಕೆಮ್ಮಿದರೆ ಅಕ್ಕನಿಗೆ ಕೇಳಿಸಬೇಕು. ತಲೆಕಡೆ ಎತ್ತರಿಸಿದ ಮಂಚ, ಕಫ ಎಳೆಯುವ ಸಣ್ಣ ಮಷೀನು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಟೆಸ್ಟರು, ಕಟಿಂಗ್ ಪ್ಲೇಯರು. ಮಂಚದ ಮೇಲಿದ್ದವನ ಮೈ ಒಣಗಿತ್ತು, ಕಣ್ಣು ಮಾತ್ರ ಫಳಫಳ. ಆ ಕಣ್ಣು ಪಕ್ಕದ ಹಲಗೆಯನ್ನೇ ತೋರಿಸುತ್ತಿತ್ತು.

ಹಲಗೆ ರಟ್ಟಿನಕ್ಕ ಮಾಡಿದ್ದು. ಬೈಂಡಿಂಗ್ ಬಟ್ಟೆ ಹೊದಿಸಿದ ದಪ್ಪ ರಟ್ಟಿನ ಮೇಲೆ ಬಂಗಾರದ ಬಣ್ಣದ ಮಾತುಗಳು: ಹೌದು, ಬೇಡ, ನೀರು, ನೋವು, ಫ್ಯಾನು, ಅಕ್ಕ, ಡಾಕ್ಟರು, ಹೇಳು, ಸಾಕು. ಒಂದೊಂದರ ಮೇಲೂ ಬೆರಳಿಡುತ್ತ ಹೋಗಬೇಕು, ತನಗೆ ಬೇಕಾದದ್ದು ಬಂದಾಗ ಅವನು ಕಣ್ಣು ಮೇಲೆತ್ತುತ್ತಾನೆ. ಅವನೇ ಹಟ ಮಾಡಿ ಬರೆಸಿಕೊಂಡ ಇನ್ನೊಂದು ಮಾತು ಕೆಳಗಿನ ಸಾಲಿನಲ್ಲಿತ್ತು: ಕತ್ತೆ.

ಅಳತೆಯಮ್ಮ ಬೆರಳು ಸರಿಸಿದರು. ಅವನ ಕಣ್ಣು ಮೊದಲು 'ಅಕ್ಕ' ಬಂದಾಗ ಮೇಲೆ ಹೋಯಿತು, ಆಮೇಲೆ 'ಕತ್ತೆ' ಬಂದಾಗ.

"ಎಲ್ಲ ಕೇಳಿಸ್ಕೊಂಡೆಯಾ?"

ಹೌದು.

"ಅವಳು ಬದಲಾಯಿಸ್ತಿದ್ದದ್ದು ನಿನಗೆ ಮೊದಲೇ ಗೊತ್ತಿತ್ತಾ?"

ಕಣ್ಣು ಕದಲಲಿಲ್ಲ. ಗೊತ್ತಿರಲಿಲ್ಲ. ಕಣ್ಣಂಚಿನಿಂದ ನೀರಿನ ಒಂದು ಎಳೆ ಕಿವಿಯ ಕಡೆ ಇಳಿಯಿತು. ಒರೆಸಿಕೊಳ್ಳಲು ಅವನ ಕೈ ಏಳುತ್ತಿರಲಿಲ್ಲ, ಅಳತೆಯಮ್ಮನೇ ಒರೆಸಿದರು.

ಅಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ದೊಡ್ಡ ದನಿ.

"ತಂಗೀ! ಎಲ್ಲಿದೀಯೇ? ಸಿಹಿ ಸುದ್ದಿ ತಂದಿದೀನಿ!"

ಮೇಷ್ಟ್ರ ಹೆಂಡತಿ. ಗಿಡ್ಡ ಆಳು, ಹೆಗಲಿಗೆ ಎರಡು ಚೀಲ, ಸೊಂಟ ಹಿಡಿದ ನಡಿಗೆ. ಅವರನ್ನು ಕಾಯುವ ಕೋಣೆಯಲ್ಲಿ ಯಾರೂ ನಗುತ್ತ ಕಂಡದ್ದಿಲ್ಲ. ಇವತ್ತು ಮುಖ ಅರಳಿತ್ತು. ಅಡುಗೆಮನೆಯಿಂದ ಎರಡು ಸೀಸೆ ಹಿಡಿದು ಬಂದ ರಟ್ಟಿನಕ್ಕನ ಎರಡೂ ಕೆನ್ನೆ ಹಿಡಿದುಕೊಂಡರು.

"ವ್ಯಾಯಾಮದ ಮೇಡಂ ನಮ್ಮೆಜಮಾನ್ರ ಕೈಕಾಲಿನ ಶಕ್ತಿ ಅಳತೆ ತಗೊಂಡ್ರು. ಮೂರು ತಿಂಗಳಿಂದ ಒಂಚೂರೂ ಇಳಿದಿಲ್ಲವಂತೆ ಕಣೇ! ಇದ್ದ ಹಾಗೇ ಇದಾರೆ. ಬೆಳಿಗ್ಗೆ ಅರ್ಧ ಲೋಟ ಗಂಜಿ ಕೆಮ್ಮದೆ ಕುಡಿದ್ರು. 'ಸಾಕು ಬಿಡೇ' ಅಂತ ನನ್ನ ಮೇಲೆ ರೇಗಿದ್ರು, ಸ್ಪಷ್ಟವಾಗಿ! ಅವರು ರೇಗಿದ್ದು ಕೇಳಿ ನನಗೆ ಎಷ್ಟು ಖುಷಿಯಾಯ್ತು ಅಂತೀಯ!"

ರಟ್ಟಿನಕ್ಕನ ಮುಖ ನೋಡಬೇಕಿತ್ತು. ಮೂರು ತಿಂಗಳಿಂದ ಎದೆಯ ಮೇಲೆ ಹೇರಿಕೊಂಡಿದ್ದ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಿತ್ತು. ಅವಳು ಅಳತೆಯಮ್ಮನ ಕಡೆ ತಿರುಗಿದಳು. ನಾನು ಕದ್ದದ್ದರಿಂದ ಅವರಿಗೆ ಏನೂ ಕೆಡುಕಾಗಲಿಲ್ಲ, ನೋಡಿ, ಏನೂ ಆಗಲಿಲ್ಲ ಎಂದು ಕಣ್ಣಲ್ಲೇ ಹೇಳಿದಳು.

ಅಳತೆಯಮ್ಮನಿಗೆ ಯಾಕೋ ಸಮಾಧಾನವಾಗಲಿಲ್ಲ. ಔಷಧ ಕಳಕೊಂಡವರು ಇದ್ದ ಹಾಗೇ ಇದ್ದಾರೆ, ಔಷಧ ಸಿಕ್ಕವನು ಇಳಿದುಹೋದ. ಇದೇನು ಲೆಕ್ಕ?

"ನಿಮ್ಮದು ತಗೊಳ್ಳಿ ಮೇಷ್ಟ್ರಮ್ಮ," ಎಂದು ರಟ್ಟಿನಕ್ಕ ಹದಿನೇಳನೇ ನಂಬರಿನ ಸೀಸೆ ಕೊಟ್ಟಳು. ಒಂಬತ್ತನ್ನು ಒಳಗೆ ತಂದು ತಮ್ಮನ ತಲೆದಿಂಬಿನ ಪಕ್ಕದ ಸಣ್ಣ ಸ್ಟೂಲಿನ ಮೇಲೆ ಇಟ್ಟಳು. "ನಾಲ್ಕಕ್ಕೆ ಇವನ ಔಷಧ. ಸಿರಿಂಜು ಕುದಿಸಿ ತರ್ತೀನಮ್ಮ, ಒಂದು ನಿಮಿಷ," ಎಂದು ಮತ್ತೆ ಅಡುಗೆಮನೆಗೆ ಹೋದಳು. ಮೇಷ್ಟ್ರ ಹೆಂಡತಿ ಹೊರಗೆ ಗಾಲಿಕುರ್ಚಿ ಮಡಚುವ ಕೆಲಸಕ್ಕೆ ಓಡಿದರು. ಮೇಷ್ಟ್ರು ಕಾರಿನ ಮುಂದಿನ ಸೀಟಿನಲ್ಲಿ ಕೂತಾಗಿತ್ತು.

ಅಳತೆಯಮ್ಮನ ಫೋನು ಬಡಿದುಕೊಂಡಿತು. ದೊಡ್ಡ ಡಾಕ್ಟರು.

ಅವರ ಕಿವಿ ಸ್ವಲ್ಪ ಮಂದ. ಯಾವಾಗಲೂ ಸ್ಪೀಕರಿನಲ್ಲೇ ಹಾಕಿ ಮಾತಾಡುವುದು. ಪಕ್ಕದಲ್ಲಿ ಮಲಗಿದವನಿಗೆ ಎಲ್ಲ ಕೇಳಿಸುತ್ತದೆ ಎಂಬುದನ್ನು, ಎರಡು ನಿಮಿಷದ ಹಿಂದೆ ಅವನ ಕಣ್ಣೀರು ಒರೆಸಿದವರೇ ಮರೆತರು. ಅಲುಗಾಡದವರ ಎದುರು ಎಲ್ಲರೂ ಹೀಗೇ ಮರೆಯುತ್ತಾರೆ.

"ಆಳು ಸಿಕ್ಕಿದ್ರಾ?" ಡಾಕ್ಟರ ದನಿ.

"ಸಿಕ್ಕಿದಾರೆ. ಸಂಜೆ ಕಾಗದ ತರ್ತೀನಿ."

"ದೇವರು ದೊಡ್ಡವನು. ಕಂಪನಿಯ ಲ್ಯಾಬಿಂದ ಈಗ ವಿವರ ಬಂತು. ಅದಲುಬದಲಾದದ್ದು ಹದಿನೇಳು ಮತ್ತೆ ಒಂಬತ್ತು. ಗುಟ್ಟು ಹೇಗೂ ಒಡೆದಿದೆ, ನಿಮಗೆ ಹೇಳೋದ್ರಲ್ಲಿ ತಪ್ಪಿಲ್ಲ. ಒಂಬತ್ತನೇ ನಂಬರಿಗೆ ಮೊದಲಿಂದಲೂ ಹೋಗ್ತಿದ್ದದ್ದು ನಿಜವಾದ ಔಷಧ. ಈ ಮೂರು ತಿಂಗಳು ವಾಪಸ್ ಬಂದ ಒಂಬತ್ತರ ಸೀಸೆಯಲ್ಲಿ ಔಷಧದ ಹೆಸರೇ ಇಲ್ಲ. ಹದಿನೇಳಕ್ಕೆ ಹೋಗ್ತಿದ್ದದ್ದು ಬರೀ ದ್ರವ, ಅದರ ಖಾಲಿ ಸೀಸೆಯಲ್ಲಿ ಔಷಧ ಸಿಕ್ಕಿದೆ."

ಅಳತೆಯಮ್ಮ ತಲೆದಿಂಬಿನ ಪಕ್ಕದ ಸೀಸೆಯ ಕಡೆ ತಿರುಗಿದರು.

"ಡಾಕ್ಟರೇ... ಅಲ್ಲಾಡಿಸಿದ್ರೆ ನೊರೆ ನಿಲ್ಲೋದು ಯಾವುದರಲ್ಲಿ?"

"ನೊರೆನಾ? ಅದನ್ನೂ ಕೇಳಿದೆ. ಬರೀ ದ್ರವದಲ್ಲಿ. ಔಷಧದಷ್ಟೇ ಮಂದ ಕಾಣಲಿ ಅಂತ ಅದಕ್ಕೆ ಏನೋ ಬೆರೆಸ್ತಾರಂತೆ, ಅದಕ್ಕೇ ನೊರೆ. ಯಾಕೆ ಕೇಳಿದ್ರಿ?"

"ಆಮೇಲೆ ಹೇಳ್ತೀನಿ," ಎಂದು ಫೋನಿಟ್ಟರು.

ಅಯ್ಯೋ ಪಾಪಿ! ತಮ್ಮನ ಬಾಯಿಂದ ತನ್ನ ಕೈಯಾರೆ ಕಿತ್ತು ಮೇಷ್ಟ್ರಿಗೆ ಕುಡಿಸಿದ್ದಾಳೆ. ಆರು ಸೀಸೆ. ಮೂರು ತಿಂಗಳು. ಗಂಜಿ, ಎರಡು ಮಾತು, ಎಲ್ಲ ಆ ಮೂರು ತಿಂಗಳಲ್ಲೇ ಹೋದದ್ದು. ಔಷಧ ಅದನ್ನು ಉಳಿಸುತ್ತಿತ್ತೋ ಇಲ್ಲವೋ ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ರಟ್ಟಿನಕ್ಕನಿಗೆ ಯಾರ ಪ್ರಮಾಣವೂ ಬೇಕಾಗುವುದಿಲ್ಲ. ಈ ಸುದ್ದಿ ಕಿವಿಗೆ ಬಿದ್ದರೆ ಅವಳು ಉಳಿಯುವುದಿಲ್ಲ.

ಆಮೇಲೆ ನೆನಪಾಗಿ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಚೀಟಿ ವಾಪಸ್ ಬದಲಾಗಿದೆಯಲ್ಲ! ಕೊನೆಯ ಸೀಸೆಯಾದರೂ ಸರಿಯಾದದ್ದೇ ಇವನ ಪಕ್ಕದಲ್ಲಿದೆ. ಹದಿನೈದು ದಿನವೆಂದರೆ ಹದಿನೈದು ದಿನ. ಆ ಹದಿನೈದು ದಿನದಲ್ಲಿ ಡಾಕ್ಟರ ಕಾಲು ಹಿಡಿದಾದರೂ ಮುಂದಿನದಕ್ಕೆ ದಾರಿ ಹುಡುಕಬಹುದು.

ಖಾತ್ರಿಗೆಂದು ಅಳತೆಯಮ್ಮ ಒಂಬತ್ತನೇ ಸೀಸೆ ಎತ್ತಿ ಬೆಳಕಿಗೆ ಹಿಡಿದು ಅಲ್ಲಾಡಿಸಿದರು.

ನೊರೆ ಕತ್ತಿನವರೆಗೆ ಉಕ್ಕಿತು.

ಐದೆಣಿಸಿದರು. ಹತ್ತು. ಇಪ್ಪತ್ತು. ನಲವತ್ತು. ಇಳಿಯಲಿಲ್ಲ.

ಅಡುಗೆಮನೆಯಲ್ಲಿ ಕೆಟಲು ಸುಯ್‌ಗುಟ್ಟಿದ್ದೇನೋ ನಿಜ. ರಟ್ಟಿನಕ್ಕ ಹಬೆಯ ಮುಂದೆ ನಿಂತು ಅತ್ತದ್ದೂ ನಿಜವಿರಬೇಕು. ಚೀಟಿ ಮಾತ್ರ ಬಿಡಿಸಿರಲಿಲ್ಲ. ಕೊನೆಯ ಸೀಸೆಯಾದರೂ ತಮ್ಮನಿಗೆ ನಿಜವಾದದ್ದು ಸಿಗಲಿ ಎಂದು ಅವಳು ಇನ್ನೊಂದು ಸಲ ಕದ್ದಿದ್ದಳು. ಈ ಸಲವೂ ಅವನದನ್ನೇ ಕದ್ದಿದ್ದಳು.

ಹೊರಗೆ ಕಾರಿನ ಡಿಕ್ಕಿ ಧಡ್ ಎಂದು ಮುಚ್ಚಿತು. ನಿಜವಾದ ಔಷಧ ಆ ಕಾರಿನಲ್ಲಿ, ಮೇಷ್ಟ್ರ ಹೆಂಡತಿಯ ಚೀಲದಲ್ಲಿ.

ಅಳತೆಯಮ್ಮ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದ್ದರೇನೋ. ಹಿಂದಿನಿಂದ ಗಂಟಲಲ್ಲಿ ಗೊರ್ ಎಂಬ ಸದ್ದಾಯಿತು. ಅವನಿಗೆ ಹೊರಡಿಸಲು ಉಳಿದಿದ್ದ ಸದ್ದು ಅದೊಂದೇ. ತಿರುಗಿ ನೋಡಿದರು. ಅವನು ಸೀಸೆಯೊಳಗಿನ ನೊರೆಯನ್ನು ನೋಡಿದ್ದ. ಫೋನು ಹೇಳಿದ್ದನ್ನೆಲ್ಲ ಕೇಳಿದ್ದ. ಈಗ ಹಲಗೆಯನ್ನು ನೋಡುತ್ತಿದ್ದ.

ಅವರು ಹಲಗೆಯ ಮೇಲೆ ಬೆರಳು ಸರಿಸಿದರು.

ಅಕ್ಕ. ಹೇಳು. ಬೇಡ.

"ಅಕ್ಕನಿಗೆ ಹೇಳಬೇಡಿ ಅಂತೀಯಾ?"

ಹೌದು.

"ಅಯ್ಯಾ, ನಿನ್ನ ಔಷಧ ಹೊರಗೆ ಕಾರಿನಲ್ಲಿದೆ ಕಣೋ. ಈಗ ಕೂಗಿದ್ರೆ ನಿಲ್ತಾರೆ. ಕೂಗಿದ್ರೆ ಅವಳಿಗೆ ಯಾಕೆ ಅಂತ ಹೇಳಲೇಬೇಕಾಗುತ್ತೆ. ಕೂಗದಿದ್ರೆ ನಿನಗೆ ಈ ನೊರೆನೇ ಗತಿ. ಗೊತ್ತಿದೆಯಾ ನಿನಗೆ?"

ಹೌದು.

"ಗೊತ್ತಿದ್ದೂ?"

ಕಣ್ಣು ಮೇಲೆ ಹೋಯಿತು, ಅಲ್ಲೇ ನಿಂತಿತು. ಬದುಕುವುದಕ್ಕೆ ಒದ್ದಾಡುವವರನ್ನು ಅಳತೆಯಮ್ಮ ನೋಡಿದ್ದರು. ಅಕ್ಕನ ಮನಸ್ಸು ನೋಯದಿರಲೆಂದು ತನ್ನ ದಿನಗಳನ್ನೇ ಬಿಟ್ಟುಕೊಡುವ ಮನುಷ್ಯನನ್ನು ನೋಡಿದ್ದು ಇದೇ ಮೊದಲು.

ಅಡುಗೆಮನೆಯಿಂದ ಹೆಜ್ಜೆ ಸದ್ದು. ರಟ್ಟಿನಕ್ಕ ಬಂದಳು, ಬಟ್ಟೆಯಲ್ಲಿ ಸಿರಿಂಜು ಒರೆಸುತ್ತ. ಕಣ್ಣು ಕೆಂಪಾಗಿತ್ತು, ಆದರೂ ಏನೋ ಗೆದ್ದವಳ ಹಾಗಿದ್ದಳು.

"ಏನೋ ಹೇಳ್ತಿದ್ದ ಹಾಗಿತ್ತು? ಏನಂದ ನನ್ನ ತಮ್ಮ?"

ಅವಳು ತಮ್ಮನ ಹಣೆ ಸವರಿ, ನಳಿಗೆಯ ಬಿರಡೆ ತೆಗೆದು, ಅಳತೆಯಮ್ಮನ ಕೈಲಿದ್ದ ಸೀಸೆಗೆ ಕೈ ಚಾಚಿದಳು.

"ಕೊಡಿ ಅಮ್ಮ. ನಾಲ್ಕು ಗಂಟೆಯಾಯ್ತು."

ಬೀದಿಯಲ್ಲಿ ಕಾರು ಸ್ಟಾರ್ಟ್ ಆಯಿತು. ಮಂಚದ ಮೇಲಿನ ಎರಡು ಕಣ್ಣು ಅಳತೆಯಮ್ಮನ ಮುಖವನ್ನೇ ನೋಡುತ್ತಿದ್ದವು. ರಟ್ಟಿನಕ್ಕ ಸೀಸೆ ಹಿಡಿದು ಎಳೆದಳು. ಅದು ಬರಲಿಲ್ಲ. ಇನ್ನೊಮ್ಮೆ ಎಳೆದಳು. ಅವಳ ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ಯಾಕಮ್ಮ?" ಎಂದಳು. "ಯಾಕೆ ಬಿಡ್ತಿಲ್ಲ?"